ತಾರಸಿಯ ಮೇಲೆ ನಲವತ್ತು ಮೀಟರಿನ ದೈತ್ಯ

ಮನುಷ್ಯನೊಬ್ಬನಿಗೆ ರಬ್ಬರ್ ಸೂಟ್ ತೊಡಿಸಿ, ಅವನ ಸುತ್ತ ಆಟಿಕೆಯಷ್ಟು ಮನೆಗಳನ್ನಿಟ್ಟ ಮಾತ್ರಕ್ಕೆ ಅವನು ದೈತ್ಯನಾಗಿ ಕಾಣುವುದಿಲ್ಲ. ಅವನನ್ನು ದೊಡ್ಡವನನ್ನಾಗಿ ಮಾಡುವುದು ನಿಧಾನಗತಿಯ ಚಲನೆ. 1966ರ ಜುಲೈನಿಂದ 1967ರ ಏಪ್ರಿಲ್‌ವರೆಗೆ ಜಪಾನಿನಲ್ಲಿ 39 ಕಂತುಗಳಾಗಿ ಪ್ರಸಾರವಾದ ‘ಅಲ್ಟ್ರಾಮ್ಯಾನ್’ ಟಿವಿ ಸರಣಿ ನೋಡುತ್ತಾ ನನಗೆ ಹಿಡಿದದ್ದು ಇದೇ ಹುಚ್ಚು. ಅದೇ ವಿಧಾನದಲ್ಲಿ ಒಂದು ಪುಟ್ಟ ಕಾಳಗವನ್ನು ನಮ್ಮ ಮನೆಯ ತಾರಸಿಯ ಮೇಲೆ ಚಿತ್ರೀಕರಿಸಿದೆ.

ಮೊದಲು ಲೆಕ್ಕ. ಸರಣಿಯ ನಾಯಕ, ದೈತ್ಯ ಅಲ್ಟ್ರಾಮ್ಯಾನ್‌ನ ಎತ್ತರ 40 ಮೀಟರ್. ನನ್ನ ಸೂಟ್ ತೊಟ್ಟ ಗೆಳೆಯನದು 1.6 ಮೀಟರ್. ಅಂದರೆ ಅಳತೆ 25ಕ್ಕೆ 1. ನಲವತ್ತು ಮೀಟರ್ ಮೇಲಿಂದ ಬಿದ್ದ ಕಲ್ಲು ನೆಲ ಮುಟ್ಟಲು ಸುಮಾರು 2.9 ಸೆಕೆಂಡು ಬೇಕು, 1.6 ಮೀಟರಿನಿಂದಾದರೆ 0.57 ಸೆಕೆಂಡು ಸಾಕು. ಐದು ಪಟ್ಟು ವ್ಯತ್ಯಾಸ, 25ರ ವರ್ಗಮೂಲ. ಹಾಗಾಗಿ ಸೆಕೆಂಡಿಗೆ 120 ಫ್ರೇಮಿನಲ್ಲಿ (ಬಿಡಿಚಿತ್ರ) ಚಿತ್ರೀಕರಿಸಿ 24ರಲ್ಲಿ ಓಡಿಸಿದರೆ, ಉದುರುವ ಗೋಡೆಗೆ ನಿಜವಾದ ಕಟ್ಟಡದ ಭಾರ ಬರುತ್ತದೆ. ಈಗ ಎಷ್ಟೋ ಫೋನುಗಳಲ್ಲೇ ಈ ಸೌಲಭ್ಯವಿದೆ. ಆದರೆ ಇಡೀ ಕಾಳಗವನ್ನು ಹಾಗೆ ತೆಗೆಯಬೇಡಿ. ಗುದ್ದಾಟ ನೀರೊಳಗೆ ನಡೆದಂತೆ ಕಾಣುತ್ತದೆ. ಕುಸಿತ, ಬೀಳುವಿಕೆಗೆ 120. ಕೈಕೈ ಹೊಡೆದಾಟಕ್ಕೆ 60. ಅಲ್ಟ್ರಾಮ್ಯಾನ್‌ನ ಹೊಡೆತಗಳಲ್ಲೂ ಆ ಚುರುಕು ಇದೆ. ಅವನಿಗೆ ಭೂಮಿಯ ಮೇಲೆ ಸಿಗುವುದು ಮೂರೇ ನಿಮಿಷ, ಎದೆಯ ದೀಪ ಕೆಂಪಾಗಿ ಮಿಟುಕಲು ಶುರುವಾದರೆ ನಮಗೂ ಅವಸರ.

ಫ್ರೇಮು ಹೆಚ್ಚಿದಷ್ಟೂ ಬೆಳಕು ಹೆಚ್ಚು ಬೇಕು. ಮನೆಯ ಅಗ್ಗದ ಎಲ್‌ಇಡಿ ದೀಪದಡಿ ತೆಗೆದರೆ ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಮಿಣುಕು ಬರುತ್ತದೆ. ಅದಕ್ಕೇ ತಾರಸಿ ಹತ್ತಿದ್ದು. ಬಿಸಿಲೇ ನಮ್ಮ ದೀಪ. ಫೋನಿನ ಚಿಕ್ಕ ಸೆನ್ಸರಿನಿಂದ ಒಂದು ಲಾಭವೂ ಉಂಟು: ಹತ್ತಿರದ ಕಂಬ, ದೂರದ ಮನೆ ಎರಡೂ ಸ್ಪಷ್ಟವಾಗಿರುತ್ತವೆ. ಹಿನ್ನೆಲೆ ಮಸುಕಾದರೆ ಮಾದರಿಯ ಗುಟ್ಟು ಆಗಲೇ ರಟ್ಟಾಗುತ್ತದೆ. ಫೋನಿನ ಲೆನ್ಸು ನೆಲದಿಂದ ಆರು ಸೆಂಟಿಮೀಟರ್ ಮೇಲಿರಲಿ. ಆ ಪುಟ್ಟ ಬೀದಿಯಲ್ಲಿ ನಿಂತ ಮನುಷ್ಯನ ಕಣ್ಣು ಇರುವುದು ಅಲ್ಲೇ.

ಹೆಚ್ಚು ಶ್ರಮ ಬೇಡಿದ್ದು ಕಟ್ಟಡಗಳು. ಸರಣಿಯ ನಿರ್ಮಾಪಕ ಎಯ್ಜಿ ತ್ಸುಬುರಾಯಾ 1954ರ ‘ಗಾಡ್ಜಿಲ್ಲಾ’ ಚಿತ್ರಕ್ಕೆ ವಿಶೇಷ ಪರಿಣಾಮದ ದೃಶ್ಯಗಳನ್ನು ಮಾಡಿದವರು; ಒಡೆಯಬೇಕಾದ ಕಟ್ಟಡಗಳನ್ನು ಪ್ಲಾಸ್ಟರಿನಲ್ಲೇ ಕಟ್ಟುವುದು ಆ ಪರಂಪರೆಯ ರೂಢಿ. ನಾನೂ ಪಿಒಪಿ ತಂದೆ. ನೀರು ತುಸು ಜಾಸ್ತಿ ಹಾಕಿ ಕಲಸಿದರೆ ಗೋಡೆ ಬಲ ಕಳೆದುಕೊಂಡು ಪುಡಿಪುಡಿಯಾಗಿ ಉದುರುತ್ತದೆ, ನಮಗೆ ಬೇಕಾದದ್ದೂ ಅದೇ. ಒಣಗಿದ ಮೇಲೆ ಹಿಂಬದಿಯಲ್ಲಿ ಆಕ್ಸಾ ಬ್ಲೇಡಿನಿಂದ ಗೀರು ಹಾಕಿದೆ. ಎಲ್ಲಿ ಗೀರಿದೆಯೋ ಅಲ್ಲೇ ಬಿರುಕು. ಒಳಗೆ ಮಹಡಿ, ಕಂಬ ಇಡಲೇಬೇಕು. ಟೊಳ್ಳು ಪೆಟ್ಟಿಗೆ ಒಡೆದದ್ದು ಯಾರಿಗಾದರೂ ತಿಳಿಯುತ್ತದೆ. ದೂಳಿಗೆ ಹಲವು ಪುಡಿಗಳನ್ನು ನೋಡಿದೆ. ರಂಗೋಲಿ ಪುಡಿ ಭಾರ, ಎದ್ದ ಕೂಡಲೇ ಕೂರುತ್ತದೆ. ವಸ್ತ್ರಗಾಲಿತ ಮಾಡಿದ ಬೂದಿ ಮಾತ್ರ ತೇಲಿ ನಿಲ್ಲುತ್ತದೆ. ಮಾಸ್ಕ್ ಹಾಕಿಕೊಂಡೇ ಮಾಡಿ.

ಸೂಟ್ ತೊಟ್ಟವನ ಕಷ್ಟ ಬೇರೆಯೇ. ಅಲ್ಟ್ರಾಮ್ಯಾನ್ ಆಗಿದ್ದ ಬಿನ್ ಫುರುಯಾ ಅವರ ಮುಖವಾಡದಲ್ಲಿ ನೋಡಲು ಇದ್ದದ್ದು ಕಿರಿದಾದ ಕಿಂಡಿ. ಫೋಮ್ ಹಾಳೆಯ ನಮ್ಮ ದೈತ್ಯಪ್ರಾಣಿಗೆ ಬಾಯೊಳಗೆ ಕಿಂಡಿ. ಬಿಸಿಲಲ್ಲಿ ಪ್ರತಿ ಶಾಟ್ ಆದ ತಕ್ಷಣ ತಲೆ ಬಿಚ್ಚಿಸಿ ನೀರು ಕೊಡುತ್ತಿದ್ದೆವು. ಮುಖ ಕಾಣದವನು ಭುಜದಲ್ಲೇ ಸಿಟ್ಟು, ನೋವು ತೋರಿಸಬೇಕು. ಫುರುಯಾ ಅವರ ಬಗ್ಗಿದ ನಿಲುವನ್ನು ಶಬ್ದ ಮುಚ್ಚಿ ನೋಡಿ, ಇಡೀ ಪಾತ್ರ ಅಲ್ಲಿದೆ.

ಅಲ್ಟ್ರಾಮ್ಯಾನ್ ಕೈಗಳನ್ನು ಅಡ್ಡ ಇಟ್ಟು ಬಿಡುವ ಸ್ಪೇಸಿಯಂ ಕಿರಣ ಸೆಟ್ಟಿನಲ್ಲಿ ಇರಲೇ ಇಲ್ಲ. ಆಮೇಲೆ ಫ್ರೇಮು ಫ್ರೇಮಿಗೂ ಕೈಯಲ್ಲಿ ಬಿಡಿಸಿ ಸೇರಿಸಿದ್ದು. ನಾನು ಕಂಪ್ಯೂಟರಿನಲ್ಲಿ ಬಿಡಿಸಿದೆ. ಗೆರೆ ಪ್ರತಿ ಫ್ರೇಮಿನಲ್ಲೂ ಸ್ವಲ್ಪ ಅಲುಗಬೇಕು, ಆಗಲೇ ಅದಕ್ಕೆ ಜೀವ. ಕಂಪ್ಯೂಟರ್ ತಾನೇ ಎಳೆಯುವ ನೇರ ಗೆರೆ ನನಗೆ ಸೇರಲಿಲ್ಲ.

ಪ್ರಾಣಿಯ ರೂಪಕ್ಕೆ ತೋರು ನರಿತಾ ಅವರ ನಿಯಮ ಪಾಲಿಸಿದೆ. ಅಲ್ಟ್ರಾಮ್ಯಾನ್‌ನನ್ನೂ ಅವನ ಎದುರಾಳಿಗಳನ್ನೂ ರೂಪಿಸಿದ ಆ ಶಿಲ್ಪಿ, ಇರುವ ಪ್ರಾಣಿಯನ್ನು ಸುಮ್ಮನೆ ಹಿಗ್ಗಿಸುವುದನ್ನು ಒಪ್ಪುತ್ತಿರಲಿಲ್ಲ. ಎರಡು ತಲೆ ಅಂಟಿಸುವುದು, ಕರುಳು ನೆತ್ತರು ತೋರಿಸುವುದು ಕೂಡ ಅವರಿಗೆ ಸಲ್ಲದು. ಮಕ್ಕಳು ನೋಡುವ ಚಿತ್ರದಲ್ಲಿ ಈ ಮರ್ಯಾದೆ ದೊಡ್ಡದೆಂದೇ ನನ್ನ ನಂಬಿಕೆ.

ಸೂಟನ್ನು ಎಸೆಯಬೇಡಿ. ಹತ್ತನೇ ಕಂತಿನ ಜಿರಾಸ್ ಎಂಬ ದೈತ್ಯಪ್ರಾಣಿಯನ್ನು ಗಾಡ್ಜಿಲ್ಲಾದ ಸೂಟಿಗೇ ಕತ್ತಿನ ಸುತ್ತ ಜಾಲರಿ ಕಟ್ಟಿ ಮಾಡಿದ್ದು. ನಮ್ಮದರ ಕೊಂಬು ತೆಗೆದು ಬೆನ್ನಿಗೆ ಚಿಪ್ಪು ಹೊಲಿಯುತ್ತಿದ್ದೇನೆ. ಮಳೆ ನಿಂತ ಮೇಲೆ ಎರಡನೇ ಕಾಳಗ.