ದೂರದ ಓಟದ ನಡುವೆ ಮೊಣಕಾಲಿನ ಹೊರಬದಿ ನೋಯತೊಡಗಿದರೆ

ಮ್ಯಾರಥಾನ್ ಓಟದ ಅರ್ಧ ದಾರಿ ಕಳೆದ ಮೇಲೆ ಮೊಣಕಾಲಿನ ಹೊರಬದಿಯಲ್ಲಿ ಚುಚ್ಚಿದಂತಹ ನೋವು ಕಾಣಿಸಿಕೊಂಡರೆ, ಕೂಡಲೇ ಹೆಜ್ಜೆಯನ್ನು ಗಿಡ್ಡವಾಗಿಸಿ, ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆಯನ್ನು ಶೇಕಡಾ 5ರಿಂದ 10ರಷ್ಟು ಹೆಚ್ಚಿಸಿ (160 ಇದ್ದರೆ 170ರ ಆಸುಪಾಸಿಗೆ), ಇಳಿಜಾರು ಬಂದಾಗಲೆಲ್ಲ ಓಡದೆ ನಡೆಯಿರಿ. ಸೊಂಟದಿಂದ ತೊಡೆಯ ಹೊರಬದಿಯುದ್ದಕ್ಕೂ ಇಳಿದು ಮೊಣಕಾಲಿನ ಕೆಳಗೆ ಅಂಟಿಕೊಳ್ಳುವ ಐಟಿ ಬ್ಯಾಂಡ್ ಎಂಬ ಗಟ್ಟಿ ಪಟ್ಟಿಯು, ಮೊಣಕಾಲು ಸುಮಾರು 30 ಡಿಗ್ರಿ ಬಾಗಿದಾಗ ತೊಡೆಮೂಳೆಯ ಉಬ್ಬಿಗೆ ಹೆಚ್ಚು ಒತ್ತಿಕೊಳ್ಳುವುದೇ ಈ ನೋವಿಗೆ ಸಾಮಾನ್ಯ ಕಾರಣ. ಪಾದವು ಬಹಳ ಮುಂದೆ ಬೀಳದೆ ದೇಹದ ಕೆಳಗೇ ಊರಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲು ಹೊರಬೇಕಾದ ಭಾರ ತಗ್ಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳಂತಹ ಏರಿಳಿತದ ಹಾದಿಯಲ್ಲಿ ಓಡುವವರು ಇದನ್ನು ವಿಶೇಷವಾಗಿ ನೆನಪಿಡಬೇಕು, ಏಕೆಂದರೆ ಏರಿನಲ್ಲಿ ಸುಮ್ಮನಿದ್ದ ಈ ನೋವು ಇಳಿತದಲ್ಲಿ ಒಮ್ಮೆಲೇ ಕೆರಳುತ್ತದೆ. ನೋಯುವ ಜಾಗವನ್ನೇ ಬಲವಾಗಿ ಉಜ್ಜಬೇಡಿ, ಅದರಿಂದ ಉರಿ ಹೆಚ್ಚುತ್ತದೆ. ನಡೆಯುವಾಗಲೂ ನೋವು ಇಳಿಯದಿದ್ದರೆ, ಬಾವು ಬಂದಿದ್ದರೆ, ಮೊಣಕಾಲು ಸಿಕ್ಕಿಕೊಂಡಂತಾದರೆ ಅಥವಾ ಮೂಳೆಯ ಮೇಲಿನ ಒಂದೇ ಬಿಂದುವಿನಲ್ಲಿ ತೀವ್ರವಾಗಿ ನೋಯುತ್ತಿದ್ದರೆ ಈ ಉಪಾಯ ನಡೆಯುವುದಿಲ್ಲ. ಅಂತಿಮ ಗೆರೆ ಎಷ್ಟೇ ಹತ್ತಿರವಿದ್ದರೂ ಅಲ್ಲಿಯೇ ಓಟ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಿರಿ. ಅಂತೆಯೇ, ಹೇಗಾದರೂ ಮುಗಿಸಬೇಕೆಂಬ ಹಟದಲ್ಲಿ ಓಟದ ನಡುವೆ ಐಬುಪ್ರೊಫೇನ್‌ನಂತಹ ನೋವುನಿವಾರಕ ಮಾತ್ರೆಯನ್ನು ದಯವಿಟ್ಟು ನುಂಗಬೇಡಿ, ಏಕೆಂದರೆ ಬೆವರಿ ನೀರಿನಂಶ ಕಳೆದುಕೊಂಡ ದೇಹದಲ್ಲಿ ಅದು ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು.