ಕೌಂಟರಿನ ನಗುವೂ ಕೆಲಸವೇ

ಕಾಲೇಜು, ವಿಶ್ವವಿದ್ಯಾಲಯದ ಲೈಬ್ರರಿಗಳಲ್ಲಿ ಇರುವವರಿಗೆ ಒಂದು ಸಲಹೆ. ಕೌಂಟರ್ ಡ್ಯೂಟಿಯನ್ನು ಇಡೀ ದಿನ ಒಬ್ಬರ ತಲೆಗೇ ಕಟ್ಟಬೇಡಿ. ಪುಸ್ತಕ ಕೊಟ್ಟು ತೆಗೆದುಕೊಳ್ಳುವುದರಿಂದ ಅಷ್ಟು ಸುಸ್ತಾಗುವುದಿಲ್ಲ. ದಂಡಕ್ಕೆ ರೇಗಾಡುವವರ ಮುಂದೆ ಮುಖ ಗಂಟಿಕ್ಕದೆ ಕೂರುವುದು, ಥೀಸಿಸ್ ಗಡುವು ಹತ್ತಿರ ಬಂದು ಅಳುವಂತಾದವರನ್ನು ಸಮಾಧಾನ ಮಾಡುವುದು, ಇವು ಹಿಂಡಿಬಿಡುತ್ತವೆ.

ಎರಡು ಗಂಟೆ ಕೌಂಟರ್, ಆಮೇಲೆ ಕ್ಯಾಟಲಾಗಿಂಗೋ ಕಪಾಟು ಜೋಡಿಸುವುದೋ ಅಂತ ಪಾಳಿ ಹಾಕಿಕೊಳ್ಳಿ. ಯಾರಾದರೂ ಕೂಗಾಡಿ ಹೋದರೆ, ಪಕ್ಕದವರು ತಾವಾಗಿಯೇ ಬಂದು ಹತ್ತು ನಿಮಿಷ ಆ ಸೀಟಿನಲ್ಲಿ ಕೂರಲಿ. ದಂಡದ ಜಗಳಕ್ಕೆ ಎಲ್ಲರದ್ದೂ ಒಂದೇ ಉತ್ತರವಿರಲಿ: “ನಿಯಮ ಹೀಗಿದೆ, ಮನ್ನಾ ಬೇಕಿದ್ದರೆ ಅರ್ಜಿ ಬರೆದುಕೊಡಿ.” ಅದಕ್ಕಿಂತ ಜಾಸ್ತಿ ವಾದ ಬೇಡ, ನಗಲೇಬೇಕು ಅಂತಲೂ ಇಲ್ಲ.

“ಇದು ನೌಕರಿಯಲ್ಲ, ಸೇವೆ” ಅನ್ನುವ ಹೊಗಳಿಕೆಗೆ ಸುಮ್ನೆ ಕರಗಬೇಡಿ. ಈ ಪೂಜ್ಯಭಾವದ ಮರೆಯಲ್ಲೇ ಹೆಚ್ಚುವರಿ ದುಡಿಮೆ ಮುಚ್ಚಿಹೋಗುತ್ತದೆ ಅಂತ ಲೈಬ್ರೇರಿಯನ್ ಫೊಬಾಜಿ ಎಟಾರ್ 2018ರಲ್ಲೇ ಬರೆದಿದ್ದಾರೆ.

ಕೌಂಟರಿನಲ್ಲಿ ನಡೆಯುವ ಕೂಗಾಟ, ಸಮಾಧಾನದ ಪ್ರಸಂಗಗಳನ್ನು ದಿನಾಂಕ ಸಮೇತ ರಿಜಿಸ್ಟರಿನಲ್ಲಿ ಬರೆದಿಡಿ. ಎಷ್ಟು ಪುಸ್ತಕ ಹೋಯಿತು ಅನ್ನುವ ಲೆಕ್ಕದಲ್ಲಿ ಇದು ಕಾಣುವುದಿಲ್ಲ, ಅಲ್ವಾ? ಹೆಚ್ಚು ಸಿಬ್ಬಂದಿ ಕೇಳುವಾಗ ಆ ಪುಟಗಳನ್ನೇ ಮುಂದಿಡಬಹುದು.