ಹೆಡ್ ಬೋಲ್ಟ್: ಹಳೆಯದೇ ಸಾಕೋ, ಹೊಸದು ಬೇಕೋ

ಇಂಜಿನ್ ಬ್ಲಾಕಿಗೂ ಅದರ ಮೇಲೆ ಬೋಲ್ಟಿನಿಂದ ಕೂರುವ ಹೆಡ್‌ಗೂ ನಡುವಿನ ಗ್ಯಾಸ್ಕೆಟ್ (ಸೋರಿಕೆ ತಡೆಯುವ ಹಾಳೆ) ಹೋಗಿ ಹೆಡ್ ಇಳಿಸಿದಾಗ ಮಾಲೀಕರ ಬಾಯಲ್ಲಿ ಬರುವ ಮಾತು ಒಂದೇ: "ಬೋಲ್ಟ್ ಛಲೋನೇ ಅವಲ್ರಿ, ಅವೇ ಹಾಕ್ರಿ." ಬೋಲ್ಟ್ ನೋಡಲು ಹೇಗಿದೆ ಎನ್ನುವುದರಿಂದ ಇದು ತೀರ್ಮಾನವಾಗುವುದಿಲ್ಲ. ಕಂಪನಿ ಅದನ್ನು ಹೇಗೆ ಬಿಗಿಯಲು ಹೇಳಿದೆ ಎನ್ನುವುದನ್ನು ಮೊದಲು ನೋಡಬೇಕು.

ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಬರೀ ಟಾರ್ಕ್, ಅಂದರೆ ತಿರುಗಿಸುವ ಬಲದ ಅಂಕಿ (ನ್ಯೂಟನ್ ಮೀಟರ್ ಅಥವಾ ಕೆ.ಜಿ. ಮೀಟರ್) ಇದ್ದರೆ ಅದು ಸಾಮಾನ್ಯವಾಗಿ ಟಾರ್ಕ್ ಬೋಲ್ಟ್. ಪರೀಕ್ಷೆ ಮಾಡಿ ಮತ್ತೆ ಹಾಕಬಹುದು. ಅಂಕಿಯ ನಂತರ "90 ಡಿಗ್ರಿ, ಮತ್ತೆ 90 ಡಿಗ್ರಿ" ಎಂದು ಬರೆದಿದ್ದರೆ ಅದು ಹಿಗ್ಗುವ ಬೋಲ್ಟ್ ಎಂದೇ ಹಿಡಿಯಿರಿ, ಹೊಸ ಸೆಟ್ ತರಿಸಿ. ಕೆಲವು ಕಂಪನಿಗಳು ಇಂಥದ್ದನ್ನೂ ಗರಿಷ್ಠ ಉದ್ದದ ಮಿತಿಯೊಳಗೆ ಮತ್ತೆ ಬಳಸಲು ಒಪ್ಪುತ್ತವೆ. ಆ ಮಿತಿ ಮ್ಯಾನ್ಯುಯಲ್‌ನಲ್ಲಿ ಅಂಕಿಯಲ್ಲೇ ಇರಬೇಕು, ಅಂದಾಜು ನಡೆಯುವುದಿಲ್ಲ. ಇದನ್ನೆಲ್ಲ ಹೆಡ್ ಬಿಚ್ಚುವ ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಸುರಪುರ, ಔರಾದ್ ಕಡೆಯ ಅಂಗಡಿಯಲ್ಲಿ ಸೆಟ್ ಸಿಗದೆ ಹೊರಗಿನಿಂದ ತರಿಸಬೇಕಾದರೆ, ತೊಗರಿ ರಾಶಿಯ ಹೊತ್ತಿನಲ್ಲಿ ಬಿಚ್ಚಿದ ಇಂಜಿನ್ ಧೂಳು ತಿನ್ನುತ್ತಾ ಕೂರುತ್ತದೆ.

ಡಿಗ್ರಿ ಲೆಕ್ಕದ ಬೋಲ್ಟ್ ಯಾಕೆ ಕೆಡುತ್ತದೆ? 12 ಮಿ.ಮೀ. ದಪ್ಪ, 1.75 ಪಿಚ್ (ಒಂದು ಪೂರ್ತಿ ಸುತ್ತಿಗೆ 1.75 ಮಿ.ಮೀ. ಇಳಿಯುವ ಥ್ರೆಡ್) ಇರುವ ಬೋಲ್ಟ್ ತೆಗೆದುಕೊಳ್ಳಿ. 90 ಡಿಗ್ರಿ ತಿರುಗಿಸಿದರೆ ಅದು ಸುಮಾರು 0.44 ಮಿ.ಮೀ. ಕೆಳಗಿಳಿಯುತ್ತದೆ, ಎರಡು ಸಲ ತಿರುಗಿಸಿದರೆ 0.88. ಒಂದಿಷ್ಟು ಗ್ಯಾಸ್ಕೆಟ್ ಕುಗ್ಗುವುದರಲ್ಲಿ ಹೋಗುತ್ತದೆ, ಉಳಿದದ್ದು ಬೋಲ್ಟಿನ ಮೇಲೆ. 10.9 ಗ್ರೇಡಿನ (ಗ್ರೇಡ್ ಅಂದರೆ ಬೋಲ್ಟಿನ ಗಟ್ಟಿತನದ ದರ್ಜೆ) 120 ಮಿ.ಮೀ. ಬೋಲ್ಟ್ ಸುಮಾರು ಅರ್ಧ ಮಿ.ಮೀ. ಎಳೆದರೂ ಮೊದಲಿನ ಉದ್ದಕ್ಕೆ ಮರಳುತ್ತದೆ, ಅದಕ್ಕಿಂತ ಹೆಚ್ಚಾದರೆ ಮರಳುವುದಿಲ್ಲ. ಬೇಕೆಂದೇ ಆ ಗಡಿ ದಾಟಿಸಿ ಬಿಗಿದಿರುತ್ತಾರೆ, ಎಲ್ಲ ಬೋಲ್ಟುಗಳ ಹಿಡಿತ ಒಂದೇ ಸಮ ಬರಲಿ ಅಂತ. ಎರಡನೇ ಸಲ ಅದನ್ನೇ ಎಳೆದರೆ ಥ್ರೆಡ್ ಹತ್ತಿರ ಸಣ್ಣಗಾಗುತ್ತದೆ. ಬಿಗಿಯುವಾಗಲೇ ತುಂಡಾದರೆ ಅದೃಷ್ಟ. ಲೋಡ್ ಎಳೆಯುತ್ತಾ ಘಾಟ್ ಏರುವಾಗ ಹಿಡಿತ ಬಿಟ್ಟರೆ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ.

ಟಾರ್ಕ್ ಬೋಲ್ಟಿಗೆ ಪರೀಕ್ಷೆ ಹೀಗೆ. ಡೀಸೆಲ್‌ನಲ್ಲಿ ತೊಳೆದು ವೈರ್ ಬ್ರಷ್‌ನಿಂದ ಥ್ರೆಡ್ ಬಿಡಿಸಿ. ಹೊಸ ನಟ್ ಒಂದನ್ನು ತುದಿಯಿಂದ ಥ್ರೆಡ್ ಮುಗಿಯುವವರೆಗೂ ಕೈಯಲ್ಲೇ ಓಡಿಸಿ. ನಡುವೆ ಎಲ್ಲಾದರೂ ಸಿಕ್ಕಿಬಿದ್ದರೆ ಪಿಚ್ ಹಿಗ್ಗಿದೆ ಅಥವಾ ಥ್ರೆಡ್ ಕೆಟ್ಟಿದೆ, ಆ ಬೋಲ್ಟ್ ಬೇಡ. ಆಮೇಲೆ ವರ್ನಿಯರ್ ಹಿಡಿದು ತುದಿಯ ಹತ್ತಿರ ಮತ್ತು ಥ್ರೆಡ್ ಮೇಲ್ಭಾಗದಲ್ಲಿ ದಪ್ಪ ಅಳೆಯಿರಿ. ಮೇಲೆ ಸಣ್ಣಗಾಗಿದ್ದರೆ ಎಳೆದಿದೆ ಎಂದರ್ಥ. ಒಂದೇ ಅಳತೆಯ ಬೋಲ್ಟುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಉದ್ದವಾದದ್ದು ಕಣ್ಣಿಗೇ ಬೀಳುತ್ತದೆ. ಕೆಲವು ಬೋಲ್ಟುಗಳ ನಡು ತಯಾರಿಯಲ್ಲೇ ಸಣ್ಣಗಿರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ, ಥ್ರೆಡ್ ಭಾಗವನ್ನೇ ಅಳೆಯಿರಿ.

ನಮ್ಮ ಕಡೆ ತುಕ್ಕಿನ ಮೇಲೆ ಹೆಚ್ಚು ಕಣ್ಣಿಡಬೇಕು. ಶಹಾಬಾದ್ ಕಲ್ಲು ಸಿಗುವ ನೆಲ, ಬೋರ್ ನೀರಿನಲ್ಲಿ ಸುಣ್ಣದಂಶ ಜಾಸ್ತಿ. ಕೂಲಂಟ್ ಬಿಟ್ಟು ಅದೇ ನೀರು ರೇಡಿಯೇಟರಿಗೆ ಹಾಕಿದರೆ ವಾಟರ್ ಜಾಕೆಟ್‌ಗೆ (ಇಂಜಿನ್ ಒಳಗಿನ ನೀರಿನ ದಾರಿಗೆ) ತೆರೆದುಕೊಂಡ ಬೋಲ್ಟುಗಳ ಮೈ ತಿಂದುಹೋಗುತ್ತದೆ. ಮೇಲಿನ ಕೆಂಪು ಬ್ರಷ್‌ಗೆ ಹೋದರೆ ಚಿಂತೆಯಿಲ್ಲ. ಉಗುರಿಗೆ ಸಿಗುವ ಗುಳಿ ಇದ್ದರೆ ಬಿಸಾಡಿ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಒಂದು ಕೆಟ್ಟರೆ ಇಡೀ ಸೆಟ್ ಬದಲಿಸಿ. ಹಾರ್ಡ್‌ವೇರ್ ಅಂಗಡಿಯ ಕಡಿಮೆ ಗ್ರೇಡಿನ 8.8 ಬೋಲ್ಟ್ ಆ ಜಾಗಕ್ಕೆ ಹೊಂದಿಕೊಂಡರೂ ಹಾಕಬೇಡಿ. ಬೋಲ್ಟಿನ ಬದಲು ಸ್ಟಡ್ (ಬ್ಲಾಕಿನಲ್ಲಿ ಕೂತು ಮೇಲೆ ನಟ್ ಹಾಕುವ ಥ್ರೆಡ್ ಕಡ್ಡಿ) ಇರುವ ಟ್ರ್ಯಾಕ್ಟರ್ ಇಂಜಿನ್‌ಗೂ ಇದೇ ಪರೀಕ್ಷೆ, ಜೊತೆಗೆ ಸ್ಟಡ್ ಬ್ಲಾಕಿನಿಂದ ಮೇಲೆದ್ದಿದೆಯೇ ನೋಡಿ.

ಬೋಲ್ಟ್ ಹೊಸದಾದರೂ ಕೆಲಸ ಕೆಡುವುದು ತೂತಿನಲ್ಲಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ, ನೀರು ನಿಂತಿದ್ದರೆ ಬೋಲ್ಟ್ ಅದನ್ನು ಒತ್ತುತ್ತದೆ. ಟಾರ್ಕ್ ರೆಂಚ್ ಬಿಗಿ ಸಾಕೆಂದು ಕ್ಲಿಕ್ ಅನ್ನುತ್ತದೆ, ಹೆಡ್ ಮಾತ್ರ ಕೂತಿರುವುದಿಲ್ಲ. ಕೆಲವೊಮ್ಮೆ ಬ್ಲಾಕೇ ಸೀಳುತ್ತದೆ. ಕಂಪ್ರೆಸರ್ ಗಾಳಿ ಹೊಡೆದು ಒಣಗಿಸಿ, ಕಣ್ಣಿಗೆ ಕನ್ನಡಕ ಇರಲಿ. ಹೊಸ ಥ್ರೆಡ್ ಕೊರೆಯುವ ಟ್ಯಾಪ್ ಹಾಕಿದರೆ ಲೋಹ ಕಿತ್ತುಬರುತ್ತದೆ. ಹಳೆಯ ಬೋಲ್ಟಿಗೆ ಉದ್ದುದ್ದ ಎರಡು ಗೀರು ಕೊಯ್ದು ಅದರಿಂದಲೇ ಸ್ವಚ್ಛ ಮಾಡಬಹುದು. ಹೆಡ್ ಸಪಾಟಿದೆಯೇ ಎಂದು ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು, ಸಂದು ಅಳೆಯುವ ಫೀಲರ್ ಗೇಜ್‌ನಿಂದಲೇ ನೋಡಿ. ಪಾಲಿಶ್ ಕಲ್ಲಿನ ಮೇಲೆ ಮಗುಚಿ ನೋಡುವುದು ಪರೀಕ್ಷೆಯಲ್ಲ.

ಬಿಗಿಯುವಾಗ ಹಾಕಿದ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ಅದಕ್ಕೇ ಎಣ್ಣೆಯ ವಿಷಯದಲ್ಲಿ ಮ್ಯಾನ್ಯುಯಲ್ ಹೇಳಿದಂತೆ ನಡೆಯಬೇಕು. ಎಣ್ಣೆ ಹಚ್ಚಲು ಹೇಳಿದ್ದರೆ ಥ್ರೆಡ್‌ಗೂ ತಲೆಯ ಕೆಳಗೂ ತೆಳ್ಳಗೆ ಇಂಜಿನ್ ಆಯಿಲ್. ನೀರಿನ ತೂತಿಗೆ ಇಳಿಯುವ ಬೋಲ್ಟಿಗೆ ಸೀಲಂಟ್. 1 ಕೆ.ಜಿ. ಮೀಟರ್ ಅಂದರೆ 9.81 ನ್ಯೂಟನ್ ಮೀಟರ್, ಹಳೆಯ ಟ್ರ್ಯಾಕ್ಟರ್ ಪುಸ್ತಕಗಳಲ್ಲಿ ಇದು ಎಡವಿಸುತ್ತದೆ. ನಡುವಿನಿಂದ ಹೊರಗೆ, ಹಂತ ಹಂತವಾಗಿ ಬಿಗಿಯಿರಿ. ಬಿಚ್ಚುವಾಗ ಇಂಜಿನ್ ತಣ್ಣಗಿರಬೇಕು, ಹೊರಗಿನಿಂದ ಒಳಗೆ ಬನ್ನಿ. ಡಿಗ್ರಿ ಅಳೆಯಲು ಗೇಜ್ ಇಲ್ಲದಿದ್ದರೆ ಬೋಲ್ಟಿನ ತಲೆಗೆ ವೈಟ್ನರ್ ಗುರುತು ಹಾಕಿ: ಷಟ್ಕೋನದ ಒಂದೂವರೆ ಮುಖ ತಿರುಗಿದರೆ 90 ಡಿಗ್ರಿ. ತಿರುಗಿಸುತ್ತಿರುವಾಗ ಕೈಗೆ ಬಿಗಿ ಏರದೆ ಹಗುರಾದರೆ ನಿಲ್ಲಿಸಿ ಆ ಬೋಲ್ಟ್ ತೆಗೆಯಿರಿ.

ಹಳೆಯ ಮಾದರಿಯ ಗ್ಯಾಸ್ಕೆಟ್, ಟಾರ್ಕ್ ಬೋಲ್ಟ್ ಇರುವ ಇಂಜಿನ್‌ನಲ್ಲಿ ಸ್ವಲ್ಪ ಓಡಿಸಿದ ಮೇಲೆ ಮತ್ತೆ ಟಾರ್ಕ್ ಕೊಡಲು ಪುಸ್ತಕದಲ್ಲಿ ಇದ್ದರೆ ಕೊಡಿ, ಆಮೇಲೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಯ ಸಂದು) ಮತ್ತೊಮ್ಮೆ ಹೊಂದಿಸಿ. ಡಿಗ್ರಿ ಬೋಲ್ಟನ್ನು ಹೀಗೆ ಮತ್ತೆ ಬಿಗಿಯಲು ಕೈ ಹಚ್ಚಬೇಡಿ.